ನನ್ನ ಅಡುಗೆಮನೆಯ ಮೇಲೆ ನಿಂತು ಮನೆಯಿಲ್ಲ ಎಂದು ಬರೆದವರಿಗೆ

ಮಾನ್ಯ ಭೂ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಜಮೀನಿನಲ್ಲಿ ಮನೆಯೇ ಇಲ್ಲ ಎಂದು ತಾವು ತೀರ್ಮಾನಿಸಿದ್ದೀರಿ. ಆ ತೀರ್ಮಾನದ ಪತ್ರ ನನಗೆ ಮನೆಗೇ ಬಂದು ತಲುಪಿತು. ಊರಿನಿಂದ ಅಂಚೆ ತರುವ ಗಾಡಿಯವನು ಎಂದಿನಂತೆ ಮೆಟ್ಟಿಲಿಳಿದು, ಬಾಗಿಲು ತಟ್ಟಿ, ಒಳಗೆ ಬಂದು ಒಲೆಯ ಪಕ್ಕ ಕೈ ಕಾಯಿಸಿಕೊಂಡು, ಪತ್ರ ಕೊಟ್ಟು, ಕಾಫಿ ಕುಡಿದು ಹೋದ. ಅವನು ಹೋದ ಮೇಲೆ ನಾನು ಲಕೋಟೆ ಒಡೆದು ಓದಿದೆ. ಸರ್ಕಾರ ಪುಕ್ಕಟೆ ಕೊಡುವ ನೆಲದಲ್ಲಿ ಮನೆ ಕಟ್ಟಿ ಐದು ವರ್ಷ ವಾಸ ಮಾಡಬೇಕೆಂಬ ಷರತ್ತನ್ನು ನಾನು ಪೂರೈಸಿಲ್ಲವಂತೆ. ಆದ್ದರಿಂದ ನಾನು ಉತ್ತು ಬಿತ್ತಿದ ಈ ನೆಲದ ಮೇಲೆ ನನಗೆ ಹಕ್ಕಿಲ್ಲವಂತೆ. ಚಳಿಗಾಲ ಶುರುವಾಗುವುದರೊಳಗೆ ನಾನು ಇಲ್ಲಿಂದ ಹೊರಡಬೇಕಂತೆ. ಎಲ್ಲಿಂದ ಸ್ವಾಮಿ? ಇಲ್ಲದ ಮನೆಯಿಂದ ಹೊರಗೆ ಬರುವುದು ಹೇಗೆ ಎಂಬುದನ್ನೂ ಅದೇ ಪತ್ರದಲ್ಲಿ ಒಂದು ಸಾಲು ಬರೆದಿದ್ದರೆ ಉಪಕಾರವಾಗುತ್ತಿತ್ತು. ತಮಗೆ ನೇರವಾಗಿ ಬರೆದ ಪತ್ರಗಳಿಗೆ ಸರಿಯಾದ ಉತ್ತರ ಬರದ ಕಾರಣ, ಈ ಸಲ ನಮ್ಮ ಊರಿನ ವಾರಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಿಮ್ಮ ತಪಾಸಣಾಧಿಕಾರಿಗಳು ಬಂದದ್ದು ಈ ವಸಂತದಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ. ನಮ್ಮ ಮನೆ ದಿಣ್ಣೆಯ ಮಗ್ಗುಲನ್ನು ಅಗೆದು ಮಾಡಿದ್ದು. ಮುಂದಿನ ಗೋಡೆ ಹುಲ್ಲುಹೆಂಟೆಯದು, ಅಂದರೆ ಹುಲ್ಲಿನ ಬೇರು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಯದು, ಮಾಡಿನ ಮೇಲೂ ಹುಲ್ಲುಹೆಂಟೆ. ವಸಂತ ಬಂತೆಂದರೆ ಸುತ್ತಲ ಬಯಲಿನ ಜೊತೆಗೆ ನಮ್ಮ ಮಾಡೂ ಹಸಿರಾಗುತ್ತದೆ, ಅದರ ಮೇಲೆ ಹೂವೂ ಬಿಡುತ್ತದೆ. ಉತ್ತರದ ಕಡೆಯಿಂದ ಬಂದವರಿಗೆ ಬಯಲು ಎಲ್ಲಿ ಮುಗಿದು ನಮ್ಮ ಮಾಡು ಎಲ್ಲಿ ಶುರುವಾಯಿತು ಎಂಬುದು ತಿಳಿಯುವುದಿಲ್ಲ. ಹೊಗೆಕೊಳವೆ ನೋಡಿದರೆ ತಿಳಿಯುತ್ತದೆ, ಆದರೆ ನಿಮ್ಮ ಅಧಿಕಾರಿಗಳು ಕೊಳವೆ ನೋಡಲು ಬಂದವರಲ್ಲ, ಮನೆ ನೋಡಲು ಬಂದವರು. ಹಾಗಾಗಿ ಮನೆ ಹುಡುಕುತ್ತಾ ನೇರವಾಗಿ ಮನೆಯ ಮೇಲಕ್ಕೇ ಕುದುರೆ ನಡೆಸಿದರು.

ಒಳಗೆ ನಾನೂ ನನ್ನ ಅತ್ತೆಯೂ ಇದ್ದೆವು. ನನ್ನ ಅತ್ತೆಯ ಹೆಸರು ಲವ್‌ಡೇ ಟ್ರಸ್ಕಾಟ್. ಕಾರ್ನ್‌ವಾಲಿನ ತವರದ ಗಣಿಗಳ ನಾಡಿನಿಂದ ಮಗನ ಜೊತೆ ಸಮುದ್ರ ದಾಟಿ ಬಂದವರು. ಕಣ್ಣು ಅರ್ಧಂಬರ್ಧ ಕಾಣುತ್ತದೆ, ಕಿವಿ ಮಾತ್ರ ಚುರುಕು, ಬಾಯಿ ಅದಕ್ಕಿಂತ ಚುರುಕು. ತಲೆಯ ಮೇಲೆ ಗೊರಸಿನ ಸದ್ದು ಕೇಳಿದ್ದೇ ತಡ, ಅವರು ಮುಖ ಮೇಲೆತ್ತಿದರು.

"ಯಾರೋ ಬಂದ್ರು ಕಣೇ ಕೆಜಿಯಾ. ಇನ್ನೊಂದು ತಟ್ಟೆ ಇಡು."

"ಅತ್ತೆ, ಅವ್ರು ಮಾಡಿನ ಮೇಲಿದಾರೆ."

"ಮೇಲಿದ್ರೆ ಏನಾಯ್ತು, ಇಳಿದು ಬರ್ತಾರೆ ಬಿಡು."

ಅವರು ಹಾಗೆ ಹೇಳಿ ಮುಗಿಸುವುದಕ್ಕೂ ಮಾಡು ಸೀಳಿ ಕುದುರೆಯ ಮುಂಗಾಲು ಒಳಗಿಳಿಯುವುದಕ್ಕೂ ಸರಿಹೋಯಿತು. ಕಾಲು ಬಂದು ಆಲೂಗಡ್ಡೆ ಸಾರಿನ ಪಾತ್ರೆಯೊಳಗೆ ನಿಂತಿತು. ಪುಣ್ಯಕ್ಕೆ ಸಾರನ್ನು ಆಗಲೇ ಕೆಳಗಿಳಿಸಿದ್ದೆ, ಅದು ಉಗುರುಬೆಚ್ಚಗಿತ್ತು, ಕುದುರೆಗೆ ಏನೂ ಆಗಲಿಲ್ಲ. ಮೇಲಿನಿಂದ ಒಬ್ಬ ಗಂಡಸಿನ ದನಿ ಕೇಳಿತು.

"ಯಾರಲ್ಲಿ? ಕೆಳಗೆ ಯಾರಾದ್ರೂ ಇದೀರಾ?"

"ಇದೀವಿ ಸ್ವಾಮಿ, ಮನೆಯೋರು!" ಎಂದೆ.

"ಯಾವ ಮನೆಯೋರು? ಇಲ್ಲಿ ಮನೆ ಎಲ್ಲಿದೆ?"

"ನಿಮ್ಮ ಕುದುರೆನ ಕೇಳಿ, ಅದಕ್ಕೆ ಗೊತ್ತು!" ಎಂದು ಅತ್ತೆ ಕೂಗಿದರು. ಪಾಪ, ಹೆದರಿ ನಡುಗುತ್ತಿದ್ದ ಆ ಕಾಲನ್ನು ಸವರುತ್ತಾ "ಏನಿಲ್ಲ ಮಗಾ, ಏನಿಲ್ಲ" ಎಂದು ಸಮಾಧಾನ ಮಾಡುತ್ತಿದ್ದರು. ಅಧಿಕಾರಿಗಳು ಮೇಲಿನಿಂದ ಎಳೆದರು, ನಾನು ಕೆಳಗಿನಿಂದ ಪೊರಕೆಯ ಹಿಡಿ ಕೊಟ್ಟು ತಳ್ಳಿದೆ, ಅಂತೂ ಕಾಲು ಹೊರಬಂತು. ಆಮೇಲೆ ನಿಮ್ಮ ಅಧಿಕಾರಿಗಳು ಸುತ್ತಿಕೊಂಡು ಬಾಗಿಲಿಗೆ ಬಂದರು. ಬಾಗಿಲು ತಟ್ಟಿದರು. ಬೂಟಿನ ಕೆಸರು ಒರೆಸಿಕೊಂಡು ಒಳಗೆ ಬಂದರು. ಕುರ್ಚಿಯ ಮೇಲೆ ಕುಳಿತು ರೊಟ್ಟಿಗೆ ಕಾಕಂಬಿ ಸವರಿಕೊಂಡು ತಿಂದರು. ಒದ್ದೆಯಾದ ಟೋಪಿಯನ್ನು ಒಲೆಯ ಬದಿಗೆ ಒಣಹಾಕಿದರು. ಎಲ್ಲಾ ಮುಗಿಸಿ, ಬಾಯಿ ಒರೆಸಿಕೊಂಡು, "ಸರಿ ತಾಯಿ, ಈಗ ನಿಮ್ಮ ಮನೆ ತೋರ್ಸಿ" ಎಂದರು.

"ಇದೇ ಸ್ವಾಮಿ."

"ಇದಲ್ಲಮ್ಮಾ. ಮನೆ, ಮನೆ."

ಆ ಮಾತಿಗೆ ನಾನು ಏನು ಉತ್ತರ ಕೊಡಬೇಕಿತ್ತು, ಮಾನ್ಯರೇ? ಎದ್ದು ಹೋಗಿ ಇನ್ನೊಂದು ಮನೆಯನ್ನು ತರಬೇಕಿತ್ತೇ? ಅವರ ವರದಿಯ ನಕಲು ನಿಮ್ಮ ಪತ್ರದ ಜೊತೆಗಿತ್ತು. "ಸದರಿ ಜಮೀನಿನಲ್ಲಿ ಯಾವುದೇ ಕಟ್ಟಡವಿರುವುದಿಲ್ಲ. ಪ್ರಯಾಣಿಕರಿಗೂ ಪ್ರಾಣಿಗಳಿಗೂ ಅಪಾಯಕಾರಿಯಾದ ಒಂದು ಗುಂಡಿಯಿದ್ದು, ಅದರೊಳಗೆ ಇಬ್ಬರು ಹೆಂಗಸರು ಕಂಡುಬಂದರು." ಕಂಡುಬಂದರು! ನಾವೇನೋ ದಾರಿ ತಪ್ಪಿ ಅದರೊಳಗೆ ಬಿದ್ದು, ಯಾರಾದರೂ ಹಗ್ಗ ಇಳಿಬಿಡಲಿ ಎಂದು ಕಾಯುತ್ತಿದ್ದವರ ಹಾಗೆ! ರೊಟ್ಟಿಯ ವಿಷಯ, ಕಾಕಂಬಿಯ ವಿಷಯ, ಟೋಪಿ ಒಣಗಿದ ವಿಷಯ ವರದಿಯಲ್ಲಿ ಎಲ್ಲೂ ಇಲ್ಲ. ಗುಂಡಿಯಲ್ಲಿ ಟೋಪಿ ಒಣಗುತ್ತದೆಯೇ ಎಂದು ಕೇಳುವವರು ನಿಮ್ಮ ಕಚೇರಿಯಲ್ಲಿ ಯಾರೂ ಇಲ್ಲವೇ?

ಬೇರೆ ಯಾರಿಗೂ ಈ ಮನೆ ಹುಡುಕುವುದು ಕಷ್ಟವಾಗಿಲ್ಲ ಎಂಬುದು ತಮ್ಮ ಗಮನಕ್ಕೆ ಬರಲಿ. ತೆರಿಗೆಯವರು ಪ್ರತಿ ವರ್ಷ ಸರಿಯಾಗಿ ಬಾಗಿಲಿಗೇ ಬರುತ್ತಾರೆ, ಒಂದು ಸಲವೂ ಮಾಡಿನ ಮೇಲೆ ಹತ್ತಿಲ್ಲ. ಜನಗಣತಿಯವರು ಬಂದರು, ನಮ್ಮಿಬ್ಬರನ್ನೂ ಎಣಿಸಿದರು. ಪಾದ್ರಿಗಳು ಹಿಮಗಾಳಿಯಲ್ಲೂ ಬಂದಿದ್ದಾರೆ. ಅಷ್ಟೇಕೆ, ಸಿಡಿಲು ತಡೆಯುವ ಕಂಬಿ ಮಾರುವವನೊಬ್ಬ ಕೂಡ ನಮ್ಮ ಮೆಟ್ಟಿಲಿಳಿದು ಬಂದಿದ್ದ.

"ಅಮ್ಮಾ, ನಿಮ್ಮನೆ ಎತ್ತರ ಎಷ್ಟು?" ಎಂದು ಕೇಳಿದ.

"ಹುಲ್ಲಿನಷ್ಟು" ಎಂದರು ಅತ್ತೆ.

"ಸಿಡಿಲಿಗೆ ಎತ್ತರ ಗಿತ್ತರ ಏನಿಲ್ಲಮ್ಮ, ಎಲ್ಲಿದ್ರೂ ಹುಡುಕ್ಕೊಂಡು ಬರತ್ತೆ."

"ಅಷ್ಟು ಕಷ್ಟಪಟ್ಟು ಮೆಟ್ಲು ಇಳಿದು ಬಂದ್ರೆ ಅದಕ್ಕೂ ಒಂದು ಲೋಟ ಕಾಫಿ ಕೊಡ್ತೀವಪ್ಪ" ಎಂದರು ಅತ್ತೆ. ಅವನು ಕಂಬಿ ಮಾರದೆ ಹೋದ, ಆದರೆ ಇದು ಮನೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಮಾರುವವನಿಗೆ ಕಾಣುವ ಮನೆ, ತೆರಿಗೆ ಕೇಳುವವನಿಗೆ ಕಾಣುವ ಮನೆ, ಹಕ್ಕುಪತ್ರ ಕೊಡಬೇಕಾದವರಿಗೆ ಮಾತ್ರ ಏಕೆ ಕಾಣುವುದಿಲ್ಲ?

ಮಣ್ಣಿನಲ್ಲೇ ಏಕೆ ಮನೆ ಮಾಡಿದಿರಿ ಎಂದು ತಾವು ಕೇಳಬಹುದು. ಇಲ್ಲಿ ಮರವಿಲ್ಲ ಸ್ವಾಮಿ. ಲೂಪ್ ನದಿಯ ದಂಡೆಯಲ್ಲಿ ನಾಲ್ಕು ಮರ ಇದ್ದರೆ ಅದಕ್ಕೆ ನಲವತ್ತು ಜನ ಕಾದಿರುತ್ತಾರೆ. ಹಲಗೆ ತರಿಸುವ ಶಕ್ತಿ ನಮಗಿರಲಿಲ್ಲ. ಅದೂ ಅಲ್ಲದೆ ನನ್ನ ಗಂಡ ಜಾಗೋ ಹುಟ್ಟಿನಿಂದ ಗಣಿಯವನು. ಅವನಿಗೆ ನೆಲ ತೋರಿಸಿದರೆ ಕೆಳಗೆ ನೋಡುತ್ತಿದ್ದನೇ ಹೊರತು ಮೇಲೆ ನೋಡುತ್ತಿರಲಿಲ್ಲ. ಅಗೆದು, ನಯಮಾಡಿ, ಗೋಡೆಗೆ ಸುಣ್ಣ ಬಳಿದು, ಗೂಡು ಕೊರೆದು ಕೊಟ್ಟ. ಗಣಿಯ ಧೂಳು ಅವನ ಎದೆಯಲ್ಲಿ ಮೊದಲೇ ಕೂತಿತ್ತು, ಎರಡನೇ ಚಳಿಗಾಲದಲ್ಲಿ ಅದು ಅವನನ್ನು ಕರೆದೊಯ್ದಿತು. ದಿಣ್ಣೆಯ ಆಚೆ ಮಗ್ಗುಲಲ್ಲಿ ಮಲಗಿಸಿದ್ದೇವೆ. ಅವನ ಹೆಸರಿನ ಅರ್ಜಿಯನ್ನು ವಿಧವೆಯಾದ ನಾನು ಮುಂದುವರಿಸಬಹುದು ಎಂದು ನಿಮ್ಮ ಕಚೇರಿ ತಕ್ಷಣ ಒಪ್ಪಿತು. ಅವನೂ ನೆಲದ ಕೆಳಗೇ ಇದ್ದಾನೆ, ಆದರೂ ಅವನು ಇಲ್ಲಿ ಇರಲೇ ಇಲ್ಲ ಎಂದು ಆಗ ಯಾರೂ ಬರೆಯಲಿಲ್ಲ. ನಾನು ಹೊರಟುಹೋದರೆ ಆ ಗೋರಿಯ ಮೇಲೆ ಯಾರೋ ನೇಗಿಲು ಹೂಡುತ್ತಾರೆ. ನಾನು ಪತ್ರದ ಮೇಲೆ ಪತ್ರ ಬರೆಯುತ್ತಿರುವುದು ಇದೇ ಕಾರಣಕ್ಕೆ.

ಇನ್ನು ತಾವು ಮನೆಯೆಂದು ಒಪ್ಪಿಕೊಂಡಿರುವ ಮನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಣಿವೆಯಲ್ಲಿ ಆರ್ಟೆಮಸ್ ಬ್ಲಿವೆನ್ ಎಂಬ ಮಹಾಶಯರಿದ್ದಾರೆ. ಅವರ ಬಳಿ ಗಾಲಿಗಳ ಮೇಲೆ ಕಟ್ಟಿದ ಒಂದು ಹಲಗೆಮನೆ ಇದೆ. ಹಸಿರು ಬಾಗಿಲು, ಗಾಜಿನ ಕಿಟಕಿ, ಕಿಟಕಿಗೊಂದು ಪರದೆ. ಯಾರದಾದರೂ ಐದು ವರ್ಷ ಮುಗಿದು ತಪಾಸಣೆಗೆ ದಿನ ಗೊತ್ತಾದರೆ ಅವರು ಬ್ಲಿವೆನ್ ಅವರಿಂದ ಈ ಮನೆಯನ್ನು ಬಾಡಿಗೆಗೆ ತರುತ್ತಾರೆ. ಎತ್ತುಗಳು ಎಳೆದು ತಂದು ನಿಲ್ಲಿಸುತ್ತವೆ, ಗಾಲಿಗಳ ಸುತ್ತ ಹುಲ್ಲು ಒಟ್ಟಿ ಮುಚ್ಚುತ್ತಾರೆ, ಅಧಿಕಾರಿಗಳು ಬರುತ್ತಾರೆ, ನೆರೆಯವರು ಇದೇ ಮನೆಯಲ್ಲಿ ಇವರು ವಾಸವಿದ್ದಾರೆ ಎಂದು ಬೈಬಲ್ ಮುಟ್ಟಿ ಹೇಳುತ್ತಾರೆ, ಹಕ್ಕುಪತ್ರ ಕೈಗೆ ಬರುತ್ತದೆ, ಮನೆ ಮುಂದಿನ ಜಮೀನಿಗೆ ಹೊರಡುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ. ರಸ್ತೆಯಲ್ಲಿ ಗಾಲಿಯ ಕಿರುಗುಟ್ಟುವಿಕೆ ಕೇಳಿದರೆ ಅತ್ತೆ ಹೊಸಿಲಿನಲ್ಲಿ ಕೂತು, "ಮನೆ ಹೋಗ್ತಾ ಇದೆ ನೋಡೇ, ಈ ಸಲ ಯಾರಿಗೆ ಅದೃಷ್ಟ?" ಎನ್ನುತ್ತಾರೆ. ನಿಮ್ಮ ದಾಖಲೆಗಳನ್ನು ನಂಬುವುದಾದರೆ ನಮ್ಮ ಕಣಿವೆಯಲ್ಲಿ ಹಸಿರು ಬಾಗಿಲಿನ ಮನೆಗಳ ಒಂದು ಊರೇ ಇದೆ, ಅಷ್ಟೂ ಮನೆಗಳ ಕಿಟಕಿಯ ಗಾಜು ಒಂದೇ ಮೂಲೆಯಲ್ಲಿ ಬಿರುಕು ಬಿಟ್ಟಿದೆ. ನಿಮ್ಮ ಅಧಿಕಾರಿಗಳು ಪ್ರತಿಯೊಂದನ್ನೂ ಕಂಡು "ಉತ್ತಮ ವಾಸದ ಮನೆ" ಎಂದು ಬರೆದಿದ್ದಾರೆ.

ನನ್ನ ಜಮೀನು ಖಾಲಿ ಎಂಬ ಸುದ್ದಿ ಹೊರಬಿದ್ದ ವಾರದೊಳಗೆ ಬ್ಲಿವೆನ್ ಈ ಜಮೀನಿಗೆ ತಮ್ಮದೇ ಅರ್ಜಿ ಹಾಕಿಕೊಂಡರು. ಆಮೇಲೆ ಆ ಮನೆಯನ್ನು ಎಳೆದುಕೊಂಡು ಬಂದರು. ಇಷ್ಟು ದೊಡ್ಡ ಬಯಲಿನಲ್ಲಿ ಅವರಿಗೆ ಸಮತಟ್ಟಾಗಿ ಕಂಡದ್ದು ಒಂದೇ ಜಾಗ. ಅದು ನಮ್ಮ ಮಾಡು. ಅಲ್ಲೇ ನಿಲ್ಲಿಸಿ, ಎತ್ತುಗಳನ್ನು ಬಿಚ್ಚಿ, ಗಾಲಿಗೆ ಕಲ್ಲು ಕೊಟ್ಟರು. ನಾನು ಓಡಿಹೋಗಿ ಮೇಲೆ ನೋಡಿದೆ.

"ಬ್ಲಿವೆನ್ ಅವರೇ, ನೀವು ನನ್ನ ಮನೆ ಮೇಲೆ ಮನೆ ಇಟ್ಟಿದೀರಿ."

"ಎಲ್ಲಮ್ಮಾ ಮನೆ? ಖಾಲಿ ಜಾಗ ಅಂತ ಕಚೇರಿಯೋರೇ ಬರ್ಕೊಟ್ಟಿದಾರಲ್ಲ."

"ನಿಮ್ಮ ಕಾಲ ಕೆಳಗಿದೆ, ಬಗ್ಗಿ ನೋಡಿ."

"ನನ್ನ ಕಾಲ ಕೆಳಗಿರೋದು ನನ್ನ ಹಲಗೆ. ಅದರ ಕೆಳಗೆ ಏನಿದೆ ಅಂತ ನೋಡೋಕೆ ನಾನೇನು ಹೆಗ್ಗಣನಾ?"

ಅಂದಿನಿಂದ ನಮ್ಮದು ಎರಡು ಅಂತಸ್ತಿನ ಮನೆಯಾಯಿತು. ಮೇಲೆ ಕಾನೂನು ಒಪ್ಪಿದ ಮನೆ, ಕೆಳಗೆ ಕಾನೂನು ಒಪ್ಪದ ಗುಂಡಿ. ನಮ್ಮ ಹೊಗೆಕೊಳವೆಯ ಬಾಯಿ ಸರಿಯಾಗಿ ಅವರ ಮಂಚದ ಕೆಳಗೆ ಬಂತು. ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚಿದ ಕೂಡಲೇ ಮೇಲೆ ಕೆಮ್ಮು ಶುರುವಾಯಿತು.

"ಏನ್ರೀ ಇದು, ನಿಮ್ಮ ಹೊಗೆ ನನ್ನ ಹಾಸಿಗೆಗೆ ಬರ್ತಾ ಇದೆ!"

ಅತ್ತೆ ಮಾಡಿನತ್ತ ಮುಖ ಮಾಡಿ ಕೂಗಿದರು. "ಇಲ್ದಿರೋ ಮನೆಯ ಇಲ್ದಿರೋ ಒಲೆಯ ಹೊಗೆ ಅಪ್ಪಾ ಅದು! ಸುಮ್ಸುಮ್ನೆ ಕೆಮ್ಬೇಡ, ಜನ ಏನಂದ್ಕೊಂಡಾರು!"

ನಾನು ನ್ಯಾಯ ಕೇಳಲು ನಿಮ್ಮ ಕಚೇರಿಗೆ ಬಂದೆ. ತಾವು ಊಟಕ್ಕೆ ಹೋಗಿದ್ದಿರಿ, ಆದ್ದರಿಂದ ತಮ್ಮ ಗುಮಾಸ್ತರ ಜೊತೆ ನಡೆದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಅವರು ತಿದ್ದಲಿ.

"ಸ್ವಾಮಿ, ಮನೆ ಅಂದ್ರೆ ಏನು?"

"ನೆಲದ ಮೇಲೆ ಇರ್ಬೇಕಮ್ಮ."

"ಎಷ್ಟು ಮೇಲೆ?"

"ಕಾಣೋಷ್ಟು."

"ಯಾರಿಗೆ ಕಾಣೋಷ್ಟು?"

"ನಮಗೆ" ಎಂದರು. ಹೇಳುವಾಗ ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ನಾನು ಅಲ್ಲಿಂದ ಗಾಡಿ ಹತ್ತಿ ಮನೆಗೆ, ಕ್ಷಮಿಸಿ, ಗುಂಡಿಗೆ ವಾಪಸು ಬಂದೆ.

ಬೇಸಿಗೆಯ ಕೊನೆಯಲ್ಲಿ ಬಿರುಸಾದ ಮಳೆ ಹೊಯ್ದು ಮಾಡಿನ ಮಣ್ಣು ನೀರು ಕುಡಿದು ಉಬ್ಬಿತು. ಅದರ ಮೇಲೆ ಹಲಗೆಮನೆಯ ಭಾರ. ಒಂದು ಬೆಳಿಗ್ಗೆ ಅತ್ತೆ ಹಿಟ್ಟು ನಾದುತ್ತಿದ್ದಾಗ ಮಾಡಿನ ನಡುದಿಮ್ಮಿ ಲಟಲಟನೆ ಮುರಿಯಿತು. ನಾನು ಅತ್ತೆಯನ್ನು ಗೋಡೆಗೆ ಎಳೆದುಕೊಂಡೆ. ಬ್ಲಿವೆನ್ ಅವರ ಮನೆ ನಿಧಾನವಾಗಿ, ದಪ್ಪನೆಯ ಹೆಂಗಸೊಬ್ಬಳು ಕುರ್ಚಿಯಲ್ಲಿ ಕೂರುವ ಹಾಗೆ, ನಮ್ಮ ಅಡುಗೆಮನೆಯೊಳಗೆ ಕೂತಿತು. ಎರಡು ಗಾಲಿಗಳು ನೆಲ ಮುಟ್ಟಿದವು, ಇನ್ನೆರಡು ಗಾಳಿಯಲ್ಲಿ ತಿರುಗುತ್ತಾ ನಿಂತವು. ಧೂಳು ಇಳಿದ ಮೇಲೆ ಅತ್ತೆ ಹಿಟ್ಟಿನ ಕೈಯಲ್ಲೇ ಗಾಲಿಯನ್ನು ಮುಟ್ಟಿ ನೋಡಿದರು.

"ಮನೆ ಬಂತು ಕಣೇ. ನಮ್ಗೂ ಬಂತು ಅಂತೂ."

ಬ್ಲಿವೆನ್ ಅವರ ಹಸಿರು ಬಾಗಿಲು ಮಣ್ಣಿನಲ್ಲಿ ಹೂತುಹೋಗಿ ತೆರೆಯದಾಯಿತು. ಅವರು ತಮ್ಮ ನೆಲದ ಹಲಗೆ ಕಿತ್ತು, ಕಾಲು ಮುಂದು ಮಾಡಿ ನಮ್ಮ ಮೇಜಿನ ಮೇಲೆ ಇಳಿದರು. ಮೈಯೆಲ್ಲ ಮಣ್ಣು. ಹೊಡೆಯಬೇಕೆಂದು ಸೌದೆ ಎತ್ತಿಕೊಂಡೆ, ಆದರೆ ಆ ಮನುಷ್ಯ ಎಷ್ಟು ನಡುಗುತ್ತಿದ್ದರೆಂದರೆ ಕೊನೆಗೆ ನೀರು ಕೊಟ್ಟೆ. ಅಂದಿನಿಂದ ಅವರು ನಮ್ಮ ಅಟ್ಟವಾಗಿಹೋದ ತಮ್ಮ ಹಲಗೆಮನೆಯಲ್ಲಿ ಮಲಗುತ್ತಾರೆ, ನಮ್ಮ ಮೇಜಿನಲ್ಲಿ ಉಣ್ಣುತ್ತಾರೆ, ನಮ್ಮ ಬಾಗಿಲಿನಿಂದ ಓಡಾಡುತ್ತಾರೆ. ನಾನು ತಮಗೆ ಮತ್ತೆ ಬರೆದೆ. ಇಬ್ಬರ ಮನೆಯೂ ಈಗ ಒಂದೇ ಗುಂಡಿಯಲ್ಲಿದೆ, ಇಲ್ಲವೆಂದರೆ ಎರಡೂ ಇಲ್ಲ, ಇದೆಯೆಂದರೆ ಎರಡೂ ಇವೆ ಎಂದೆ. ನಾನು ಪಡೆದ ಒಂದೇ ಉತ್ತರ ಇದು: "ಶ್ರೀ ಬ್ಲಿವೆನ್ ಅವರ ಮನೆಯ ಮೇಲ್ಭಾಗವು ಹುಲ್ಲಿನ ಮಟ್ಟಕ್ಕಿಂತ ಮೇಲೆ ಕಾಣುವುದರಿಂದ ಅದನ್ನು ಮನೆಯೆಂದು ಪರಿಗಣಿಸಲಾಗಿದೆ." ಈ ಉತ್ತರ ಓದಿದಾಗ ಬ್ಲಿವೆನ್ ಅವರಿಗೇ ನಾಚಿಕೆಯಾಗಿ, "ತಾಯಿ, ನಾನು ಮೋಸಗಾರ ನಿಜ, ಆದ್ರೆ ಇಷ್ಟು ಬುದ್ಧಿ ನನಗಿಲ್ಲ" ಎಂದರು. ಆದರೂ ಅರ್ಜಿ ವಾಪಸು ತೆಗೆದುಕೊಳ್ಳಿ ಎಂದಾಗ ಅವರಿಗೆ ಕಿವಿ ಕೇಳಿಸಲಿಲ್ಲ.

ಇಲ್ಲಿಗೆ ಪತ್ರ ಮುಗಿಸಿದ್ದರೆ ನನಗೂ ನಿಮಗೂ ಸುಲಭವಾಗುತ್ತಿತ್ತು. ಆದರೆ ಕಳೆದ ತಿಂಗಳು ಒಬ್ಬ ಹೆಂಗಸು ನಮ್ಮ ಮನೆಗೆ ಬಂದಳು.

ಅವಳು ನಮಗಿಂತ ಮೊದಲು ಈ ಕಣಿವೆಯಲ್ಲಿದ್ದ ಮೂಲನಿವಾಸಿಗಳಾದ ಪಾವ್ನೀ ಜನರವಳು. ಆ ಜನರನ್ನೆಲ್ಲ ಸರ್ಕಾರ ಇಲ್ಲಿಂದ ಎಬ್ಬಿಸಿ ದಕ್ಷಿಣದ ಸೀಮೆಗೆ ಕಳಿಸಿ ಕೆಲವು ವರ್ಷಗಳಾದವು, ಅದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ತನ್ನವರ ಗೋರಿಗಳನ್ನು ನೋಡಲು ಅಣ್ಣನ ಜೊತೆ ಬಂದಿದ್ದಳು. ಅಣ್ಣ ಕುದುರೆಗಳ ಬಳಿ ನಿಂತ, ಅವಳು ಮಾತ್ರ ಮೆಟ್ಟಿಲಿಳಿದು ಬಂದಳು. ವಯಸ್ಸಿನಲ್ಲಿ ನನಗಿಂತ ಹಿರಿಯಳು. ಹೆಸರು ಹೇಳಿದಳು, ನನ್ನ ನಾಲಿಗೆ ಅದನ್ನು ಕೆಡಿಸಿತು, ಇಲ್ಲಿ ಬರೆದು ಇನ್ನೂ ಕೆಡಿಸುವುದು ಬೇಡ. ನಮ್ಮ ಮಾತು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಒಳಗೆ ಬಂದವಳೇ ಗಾಳಿಯಲ್ಲಿ ನೇತಾಡುತ್ತಿದ್ದ ಗಾಲಿಯನ್ನೂ ಹಲಗೆಮನೆಯ ಹೊಟ್ಟೆಯನ್ನೂ ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಸುತ್ತಲೂ ಕಣ್ಣಾಡಿಸಿದಳು.

"ನಾಲ್ಕು ಕಂಬ ಎಲ್ಲಿ?" ಎಂದು ಕೇಳಿದಳು.

"ಯಾವ ನಾಲ್ಕು ಕಂಬ?"

"ಇಷ್ಟು ಮಣ್ಣು ಹೊರೋಕೆ ನಾಲ್ಕು ಕಂಬ ಬೇಕಲ್ಲ. ಇಲ್ಲೊಂದಿತ್ತು" ಎನ್ನುತ್ತಾ ಒಲೆಯ ಬಳಿ ಹಿಮ್ಮಡಿಯಿಂದ ನೆಲ ಒತ್ತಿದಳು. "ಇಲ್ಲೊಂದು. ಅಲ್ಲೊಂದು. ಆ ಮುದುಕಮ್ಮನ ಮಂಚದ ಕೆಳಗೊಂದು."

ಬ್ಲಿವೆನ್ ಗುದ್ದಲಿ ತಂದು ಅಗೆದರು. ಮೊಳದಷ್ಟು ಆಳದಲ್ಲಿ ಮಣ್ಣು ಕಪ್ಪಾಯಿತು, ಅದರಲ್ಲಿ ದಪ್ಪ ಮರದ ಕೊಳೆತ ಬುಡ ಸಿಕ್ಕಿತು. ಅವಳು ತೋರಿಸಿದ ನಾಲ್ಕೂ ಕಡೆ ಸಿಕ್ಕಿತು. ಜಾಗೋ ಈ ಜಾಗ ಆರಿಸಿದ್ದೇಕೆ ಎಂದು ನನಗೆ ಆಗ ಅರ್ಥವಾಯಿತು. ದಿಣ್ಣೆಯಲ್ಲಿ ಗುಂಡಗಿನ ಒಂದು ತಗ್ಗು ಮೊದಲೇ ಇತ್ತು, "ದೇವ್ರೇ ಅರ್ಧ ಅಗೆದಿಟ್ಟಿದಾನೆ" ಎಂದು ಖುಷಿಪಟ್ಟಿದ್ದ. ಅಗೆದದ್ದು ದೇವರಲ್ಲ. ಇದು ಈ ಹೆಂಗಸಿನ ಅಜ್ಜಿಯ ಮನೆ. ಗುಂಡಗಿನ ಮಣ್ಣಿನ ಮನೆ, ಬಾಗಿಲು ಪೂರ್ವಕ್ಕೆ. ಅವಳು ಹುಟ್ಟಿದ್ದೂ ಇದರಲ್ಲೇ. ಅಜ್ಜಿ ಮಲಗುತ್ತಿದ್ದ ಜಾಗ, ಜೋಳ ತುಂಬುತ್ತಿದ್ದ ಹಗೇವು, ಚಳಿಗಾಲದಲ್ಲಿ ಒಳ್ಳೆಯ ಕುದುರೆಗಳನ್ನು ಕಟ್ಟುತ್ತಿದ್ದ ಮೂಲೆ, ಎಲ್ಲವನ್ನೂ ತೋರಿಸಿದಳು.

"ಕುದುರೆ ಮನೆಯೊಳಗೇನಾ?" ಎಂದರು ಅತ್ತೆ ಕುತೂಹಲದಿಂದ.

"ಹೂಂ, ಒಳಗೇ."

"ಯಾವ ಕಡೆಯಿಂದ ಬರ್ತಿತ್ತು?"

"ಬಾಗಿಲಿಂದ" ಎಂದಳು ಅವಳು, ಇದೇನು ಪ್ರಶ್ನೆ ಎನ್ನುವ ಹಾಗೆ.

"ಬಾಗಿಲಿಂದ! ಕೇಳಿದ್ಯೇನೇ ಕೆಜಿಯಾ? ಮರ್ಯಾದಸ್ಥ ಕುದುರೆಗಳು!"

ಅವಳು ಎರಡು ಹೊತ್ತು ನಮ್ಮ ಜೊತೆ ಉಂಡಳು. ಅವಳ ಅಣ್ಣನೂ ಬ್ಲಿವೆನ್ನರೂ ಸೇರಿ ನದಿಯ ದಂಡೆಯಿಂದ ಮರ ತಂದರು. ಅವಳು ಹೇಳಿದ ಜಾಗದಲ್ಲೇ ಕಂಬ ನೆಟ್ಟು, ಹಲಗೆಮನೆಯನ್ನೂ ಮಾಡನ್ನೂ ಎತ್ತಿ ನಿಲ್ಲಿಸಿದರು. ಈಗ ಮಾಡು ಅಲುಗುವುದಿಲ್ಲ. ಹೊರಡುವ ಮುಂಚೆ ಅವಳು ನನ್ನನ್ನು ಕೇಳಿದಳು.

"ಈ ಜಾಗ ನಿಮಗೆ ಯಾರು ಕೊಟ್ರು?"

"ಸರ್ಕಾರ."

"ಇಲ್ಲಿ ನಮ್ಮನೆ ಇತ್ತಲ್ಲ?"

"ಖಾಲಿ ಜಾಗ ಅಂತ ಬರೆದಿತ್ತು" ಎಂದೆ. ಆ ಮಾತು ನನ್ನ ಬಾಯಿಂದ ಬಂದಾಗ ಅದು ಎಲ್ಲೋ ಕೇಳಿದ ಮಾತು ಅನ್ನಿಸಿತು. ನಿಮ್ಮ ಪತ್ರದ ವಿಷಯವನ್ನು ಅವಳಿಗೆ ಅದಾಗಲೇ ಅತ್ತೆ ಹೇಳಿದ್ದರು.

"ಈಗ ನಿಮ್ದೂ ಖಾಲಿ ಅಂತ ಬರೆದಿದಾರಾ?"

"ಹೂಂ."

ಅವಳು ನಕ್ಕಳು. ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಅತ್ತೆಯೂ ಅವಳ ಕೈ ಹಿಡಿದುಕೊಂಡು ನಕ್ಕರು. ನಗಲು ನನಗೆ ಮುಖವಿರಲಿಲ್ಲ. ಅವಳು ದಿಣ್ಣೆ ಹತ್ತಿ ಹೋಗುವವರೆಗೂ ಬಾಗಿಲಲ್ಲಿ ನಿಂತಿದ್ದೆ. ಹೋಗುತ್ತಾ ಅವಳು ಜಾಗೋನ ಗೋರಿಯನ್ನು ತುಳಿಯದೆ ಬಳಸಿಕೊಂಡು ಹೋದಳು.

ಈ ಪತ್ರದ ಮೊದಲ ಪ್ರತಿಯನ್ನು ಅಚ್ಚಿಗೆ ಕೊಟ್ಟಾಗ ಪತ್ರಿಕೆಯ ಸಂಪಾದಕರು ಪೂರ್ತಿ ಓದಿ ಕನ್ನಡಕ ತೆಗೆದಿಟ್ಟರು.

"ಕೆಜಿಯಾ ಅಮ್ಮಾ, ಕುದುರೆ ಇರ್ಲಿ, ಗಾಲಿ ಮನೆ ಇರ್ಲಿ. ಆ ಕಂಬದ ವಿಷಯ ತೆಗೆದುಬಿಡಿ."

"ಅದೇ ಅಲ್ವಾ ದೊಡ್ಡ ಸಾಕ್ಷಿ? ಮಣ್ಣಿನ ಮನೇಲಿ ತಲೆತಲಾಂತರ ಸಂಸಾರ ಮಾಡಿದಾರೆ ಅಂದ್ಮೇಲೆ ಅದು ಗುಂಡಿ ಹೇಗಾಗತ್ತೆ?"

"ಆಗಲ್ಲ. ಅದಕ್ಕೇ ಹೇಳ್ತಿರೋದು. ಮಣ್ಣಿನ ಮನೆಯೂ ಮನೆ ಅಂತ ಸಾಬೀತಾದ್ರೆ, ಮೊದ್ಲಿದ್ದೋರ್ದೂ ಮನೆ. ಅವರ್ದು ಮನೆ ಅಂದ್ರೆ ಜಾಗ ಖಾಲಿ ಇರ್ಲಿಲ್ಲ. ಖಾಲಿ ಇರ್ಲಿಲ್ಲ ಅಂದ್ರೆ ನಿಮ್ಗೆ ಕೊಟ್ಟಿದ್ದು ಹೇಗೆ? ನಿಮ್ಗೊಬ್ರಿಗೇ ಅಲ್ಲ, ಈ ಕಣಿವೇಲಿ ಎಲ್ರಿಗೂ. ನನ್ನ ಅಚ್ಚಿನ ಯಂತ್ರ ನಿಂತಿರೋ ಜಾಗನೂ ಸೇರಿ."

ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಅವರು ಉಣ್ಣೆಯ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ಇದ್ದದ್ದನ್ನ ಇತ್ತು ಅನ್ನೋಕೆ ಏನು ರೋಗ? ಬರಿ" ಎಂದರು. ಬರೆದಿದ್ದೇನೆ. ಸಂಪಾದಕರು, ಹೇಗೂ ಇಷ್ಟು ಉದ್ದದ ಪತ್ರವನ್ನು ಕೊನೆಯವರೆಗೆ ಓದುವವರು ಕಡಿಮೆ ಎಂದು ಸಮಾಧಾನ ಮಾಡಿಕೊಂಡು ಅಚ್ಚು ಹಾಕಲು ಒಪ್ಪಿದ್ದಾರೆ.

ನನ್ನನ್ನು ಸಾಧ್ವಿ ಎಂದು ತಿಳಿಯಬೇಡಿ ಸ್ವಾಮಿ. ನನಗೆ ಈ ನೆಲ ಬೇಕು. ಗಂಡನನ್ನು ಇಲ್ಲಿ ಬಿಟ್ಟು, ಕಣ್ಣು ಸರಿಯಾಗಿ ಕಾಣದ ಅತ್ತೆಯನ್ನು ಕರೆದುಕೊಂಡು ಹೋಗಲು ನನಗೆ ಇನ್ನೊಂದು ಜಾಗವಿಲ್ಲ. ಮೂಟೆ ಕಟ್ಟಿ ದಕ್ಷಿಣಕ್ಕೆ ಹೋಗಿ ಆ ಹೆಂಗಸನ್ನು ಕರೆತಂದು ಕೀಲಿಕೈ ಕೊಡುವಷ್ಟು ದೊಡ್ಡ ಮನಸ್ಸೂ ನನಗಿಲ್ಲ, ಇದ್ದಿದ್ದರೆ ಎಷ್ಟೋ ನೆಮ್ಮದಿಯಾಗಿ ಮಲಗುತ್ತಿದ್ದೆ. ಆದರೆ ಅವಳ ಮನೆಯನ್ನು ಇಲ್ಲವೆಂದ ಅದೇ ಮಾತಿನಿಂದ ನೀವು ಈಗ ನನ್ನ ಮನೆಯನ್ನು ಇಲ್ಲವೆನ್ನುತ್ತಿದ್ದೀರಿ. ನನ್ನದೊಂದನ್ನು ಉಳಿಸಿಕೊಳ್ಳಲು ಆ ಮಾತು ಅವಳ ವಿಷಯದಲ್ಲಿ ನಿಜ, ನನ್ನ ವಿಷಯದಲ್ಲಿ ಮಾತ್ರ ಸುಳ್ಳು ಎಂದು ವಾದಿಸಲು ಹೊರಟರೆ, ನನಗೂ ನಿಮ್ಮ ಗುಮಾಸ್ತರಿಗೂ ಏನು ವ್ಯತ್ಯಾಸ ಉಳಿಯಿತು?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಚಳಿ ಹೆಚ್ಚುವ ಮುನ್ನ ತಾವೇ ಖುದ್ದಾಗಿ ಬನ್ನಿ. ಬೇರೆಯವರನ್ನು ಕಳಿಸಬೇಡಿ. ನಡೆದು ಬನ್ನಿ, ಬಾಗಿಲಿನಿಂದ ಬನ್ನಿ. ನಾಲ್ಕು ಕಂಬಗಳ ನಡುವೆ ಕುರ್ಚಿ ಹಾಕಿಸುತ್ತೇನೆ, ಕುಳಿತು ಕಂಡದ್ದನ್ನು ಬರೆಯಿರಿ. ಮನೆಯಿಲ್ಲ ಎಂದು ಬರೆಯುವುದಾದರೆ ಅದನ್ನು ಅಲ್ಲೇ, ನನ್ನ ಅತ್ತೆಯ ಎದುರಿಗೆ ಗಟ್ಟಿಯಾಗಿ ಓದಿ ಹೇಳಿ. ಮನೆಯಿದೆ ಎಂದು ಬರೆಯುವುದಾದರೆ, ಎಂದಿನಿಂದ ಇದೆ ಎಂಬುದನ್ನೂ ಬರೆಯಬೇಕು. ಆ ಸಾಲು ಬರೆಯುವ ಮುನ್ನ ನೀವು ಲೇಖನಿ ಕೆಳಗಿಟ್ಟು ಯೋಚಿಸಿದರೆ ನಾನು ನಗುವುದಿಲ್ಲ. ಆ ಸಾಲು ನನ್ನ ಹಕ್ಕನ್ನೂ ಅಳಿಸಬಹುದು ಎಂದು ಗೊತ್ತಿದ್ದೇ ನಾನು ಪಕ್ಕದಲ್ಲಿ ದೀಪ ಹಿಡಿದು ನಿಂತಿರುತ್ತೇನೆ.

ಇಂತಿ,
ಯಾರದೋ ಅಜ್ಜಿಯ ಮನೆಯಲ್ಲಿ ಕುಳಿತು ತನ್ನ ಮನೆಗಾಗಿ ಜಗಳವಾಡುತ್ತಿರುವ
ಕೆಜಿಯಾ ಟ್ರಸ್ಕಾಟ್
ಲೂಪ್ ನದಿಯ ಕಣಿವೆ, ನೆಬ್ರಾಸ್ಕಾ